ಬೀದಿ ಪರದೆಗೆ ಬರೆದ ಎರಡು ಕಣ್ಣು

ನಮ್ಮಪ್ಪ ಬರೆದ ಜನರಿಗೆ ಮುಖ ಇಲ್ಲದ್ದಕ್ಕೆ ಕಾರಣ ಹೆದರಿಕೆ. ಅದರಲ್ಲಿ ಬೇರೆ ಯಾವ ಅರ್ಥವೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಈಗ ಹೊಸಪೇಟೆ ಸ್ಟೇಷನ್ ರಸ್ತೆಯ ಕಾಂಪೌಂಡ್ ಗೋಡೆಗೆ ಬಣ್ಣ ಹಚ್ಚುತ್ತಿರುವ ಹುಡುಗ ಹುಡುಗಿಯರು ಬೇರೆ ಏನೇನೋ ಹೇಳುತ್ತಿದ್ದಾರೆ. ಅವರು ನಮ್ಮೂರಿನವರೇ, ಚಿತ್ರ ಬರೆಯುವುದನ್ನು ಕಾಲೇಜಿನಲ್ಲಿ ಕಲಿತವರು. ಊರಿನ ಗುರುತು ಬರೆಯುತ್ತೇವೆ ಅಂತ ಕಲ್ಲಿನ ರಥ, ಡ್ಯಾಮಿನ ಗೇಟು, ಕಬ್ಬಿನ ಗಾಡಿ ಎಲ್ಲಾ ಬರೆದಿದ್ದಾರೆ. ಛಲೋ ಬರೆದಿದ್ದಾರೆ, ಬಣ್ಣ ಸ್ವಲ್ಪ ಜಾಸ್ತಿ. ಅದರ ಪಕ್ಕದಲ್ಲಿ ಒಂದು ಬಜಾರು ಬರೆದಿದ್ದಾರೆ. ಅದರಲ್ಲಿ ಇರುವವರೆಲ್ಲ ನಮಗೆ ಬೆನ್ನು ಮಾಡಿ ನಿಂತಿದ್ದಾರೆ. ಕಂಪ್ಲಿಯ ಹಳೇ ಅಕ್ಕಿ ಗಿರಣಿಯೊಂದರ ಅಟ್ಟದ ಮೇಲೆ ನಮ್ಮಪ್ಪ ಬರೆದ ನಾಟಕದ ಪರದೆಯ ತುಂಡು ಅವರಿಗೆ ಸಿಕ್ಕಿತಂತೆ, ಅದನ್ನು ನೋಡಿ ಬರೆದದ್ದು. ನಮ್ಮ ಮನೆ ಹುಡುಕಿಕೊಂಡೂ ಬಂದಿದ್ದರು. ಚಹಾ ಕುಡಿಯುತ್ತಾ ಅವರಲ್ಲೊಬ್ಬ ಹುಡುಗಿ ಹೇಳಿದಳು:

"ಅಜ್ಜಿ, ಹಂಪಿ ನೋಡಾಕ ಬರೋರೆಲ್ಲಾ ಕಲ್ಲು ನೋಡಿ ಹೋಗ್ತಾರ. ಇಲ್ಲಿ ಬದುಕೋ ಮಂದಿ ಮುಖ ಯಾರೂ ನೋಡಂಗಿಲ್ಲ. ನಿಮ್ಮಪ್ಪಾರು ಅದನ್ನ ಆವಾಗ್ಲೇ ಬರದಾರ ನೋಡ್ರಿ."

"ಇಲ್ಲವ್ವ, ಅವ ಹೆದರಿದ್ದ" ಅಂದೆ.

ನಾನು ತಮಾಷೆ ಮಾಡಿದೆ ಅಂದುಕೊಂಡು ನಕ್ಕಳು. ಆಮೇಲೆ ಇನ್ನೊಂದು ಮಾತು ಹೇಳಿದಳು.

"ಒಬ್ಬಾಕಿ ಮುದುಕಿಗೆ ಮಾತ್ರ ಕಣ್ಣು ಅದಾವ್ರಿ. ಒಂದು ಸಣ್ಣದು, ಒಂದು ದೊಡ್ಡದು. ಯಾರೋ ಕಿಡಿಗೇಡಿ ಹಿಂದಿಂದ ಬರದದ್ದು. ಗೋಡಿ ಮ್ಯಾಲೆ ನಾವು ಆಕಿನ್ನ ಬಿಟ್ಟುಬಿಟ್ವಿ."

ಆ ಕಿಡಿಗೇಡಿ ನಾನು. ಅವಳಿಗೆ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ.

ನಮ್ಮ ಮನೆ ಹೊಸಪೇಟೆಯ ಒಂದು ಸಂದಿ ಓಣಿಯಲ್ಲಿತ್ತು. ಮಣ್ಣಿನ ಮಾಳಿಗೆ. ಮುಂದೆ ಪಡಸಾಲೆ, ನಡುವೆ ಹಗಲಲ್ಲೂ ಕತ್ತಲಾಗಿರುವ ಒಂದು ಕೋಣೆ, ಹಿಂದೆ ಅಡುಗೆಮನೆ. ಇದ್ದವರು ನಾಲ್ಕು ಜನ: ಅಪ್ಪ, ಅವ್ವ, ಅಪ್ಪನ ತಾಯಿ ಅಂದರೆ ನಮ್ಮಜ್ಜಿ, ಮತ್ತು ನಾನು. ಪಡಸಾಲೆ ಅನ್ನೋದು ಮನುಷ್ಯರದಲ್ಲ, ಅಪ್ಪನ ಕೆಲಸದ್ದು. ಅಲ್ಲಿ ಸಾಲಾಗಿ ತೆಂಗಿನ ಚಿಪ್ಪುಗಳು, ಒಂದೊಂದರಲ್ಲಿ ಒಂದೊಂದು ಬಣ್ಣ. ಬಿಳಿಗೆ ಸುಣ್ಣ, ಕರಿಗೆ ದೀಪದ ಮಸಿ, ಕೆಂಪಿಗೆ ಸಂಡೂರಿನ ಅದಿರಿನ ಪುಡಿ. ಅದನ್ನು ಕೊಂಡು ತರುತ್ತಿರಲಿಲ್ಲ. ಸ್ಟೇಷನ್ ಹತ್ತಿರ ವ್ಯಾಗನ್ನಿಗೆ ಅದಿರು ತುಂಬುವಾಗ ಕೆಳಗೆ ಉದುರಿದ್ದನ್ನು ನಾನು ಸೆರಗಿನಷ್ಟು ಬಟ್ಟೆಯಲ್ಲಿ ಗುಡಿಸಿ ತರುತ್ತಿದ್ದೆ, ಅವ್ವ ಹಿಟ್ಟು ಜರಡಿ ಹಿಡಿದಂಗೆ ಜರಡಿ ಹಿಡಿಯುತ್ತಿದ್ದಳು. ಎಷ್ಟು ತೊಳೆದರೂ ನಮ್ಮ ಮನೆ ರೊಟ್ಟಿಗೆ ಒಂದೊಂದು ಸಲ ಆ ಕೆಂಪು ಹತ್ತುತ್ತಿತ್ತು. ಅಜ್ಜಿ ಹಲ್ಲಿನಲ್ಲಿ ಕರಕರ ಅನಿಸಿದಾಗ ಅವ್ವನ ಕಡೆ ನೋಡುತ್ತಿದ್ದಳು, ಅಪ್ಪನ ಕಡೆ ನೋಡುತ್ತಿರಲಿಲ್ಲ. ಬಣ್ಣಕ್ಕೆ ಅಂಟು ಬೇಕು. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ಅರೆದು, ಅರ್ಧ ದಿನ ಕುದಿಸಬೇಕು. ಆ ವಾಸನೆ ಹೇಗಿರುತ್ತದೆ ಅಂತ ಹೇಳಿದರೆ ಊಟ ಸೇರುವುದಿಲ್ಲ. ಅದು ನನ್ನ ಪಾಲಿನ ಕೆಲಸ.

ಅಪ್ಪ ಎರಡು ಥರದ ಕೆಲಸ ಮಾಡುತ್ತಿದ್ದ. ಒಂದು ದೇವರದು, ಇನ್ನೊಂದು ನಾಟಕದವರದು. ಮೆಟ್ರಿ ಕಡೆಯಿಂದ, ಸಂಡೂರು ಕಡೆಯಿಂದ ಕಟ್ಟಿಗೆಯ ದೇವಿಯರು ಹೊಸ ಬಣ್ಣಕ್ಕೆ ಬರುತ್ತಿದ್ದರು. ಬಂದ ದೇವಿಯರನ್ನು ಪಡಸಾಲೆಯ ಮೂಲೆಯಲ್ಲಿ ಮುಖಕ್ಕೆ ಬಟ್ಟೆ ಕಟ್ಟಿ ಕೂಡಿಸುತ್ತಿದ್ದರು. ನೀರಿಗೆ ಹೋಗಬೇಕಾದರೆ ನಾನು ಅವರನ್ನು ದಾಟಿ ಹೋಗಬೇಕು. ಬಟ್ಟೆಯ ಹಿಂದೆ ಏನಿದೆ ಅಂತ ನನಗೆ ಗೊತ್ತಿತ್ತು, ಅದೇ ಹೆದರಿಕೆ. ಮೈಗೆಲ್ಲ ಬಣ್ಣ ಹಚ್ಚಿದ ಮೇಲೆ ಕಣ್ಣು ಕಡೆಗೆ. ಆ ದಿನ ಅಪ್ಪ ಬೆಳಿಗ್ಗೆಯಿಂದ ನೀರು ಬಿಟ್ಟರೆ ಏನೂ ಮುಟ್ಟುತ್ತಿರಲಿಲ್ಲ. ತಲೆಗೆ ನೀರು ಹಾಕಿಕೊಂಡು ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದ. ದೇವಿಯ ಎದುರಿಗೆ ಒಂದು ಕನ್ನಡಿ, ಯಾಕಂದರೆ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು. ಅಳಿಲ ಬಾಲದ ಕೂದಲಿನ ಸಣ್ಣ ಕುಂಚ ಒಂದಿತ್ತು, ಅದು ಕಣ್ಣಿಗೆ ಮಾತ್ರ. ನಾವು ಮೂವರು ಹೆಂಗಸರು ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆವು. ಒಳಗಿಂದ "ಆತು" ಅಂತ ಅಪ್ಪನ ದನಿ ಬಂದ ಮೇಲೆ ಒಲೆ ಹಚ್ಚಬೇಕು. ಅವತ್ತು ಬರೀ ನುಚ್ಚು ಮಜ್ಜಿಗೆ.

ನಾಟಕದ ಪರದೆಗೆ ಇಷ್ಟು ಮಡಿ ಇಲ್ಲ, ಆದರೆ ಒಂದು ಕಟ್ಟು ಇತ್ತು. ಜೀವ ಇದ್ದ ಮನುಷ್ಯರನ್ನು ಬರೆದರೆ ಕಣ್ಣು ಬರೆಯಬಾರದು. ಬರೆದರೆ ಅವರ ಕಣ್ಣು ಚಿತ್ರಕ್ಕೆ ಬರುತ್ತದೆ, ಆಮೇಲೆ ಅವರು ಭಾಳ ದಿನ ಇರುವುದಿಲ್ಲ. ಅದಕ್ಕೇ ಅಪ್ಪನ ಪರದೆಯ ಜನ ಬೆನ್ನು ತಿರುಗಿಸಿರುತ್ತಿದ್ದರು, ಇಲ್ಲಾ ಬಗ್ಗಿ ಏನೋ ಎತ್ತುತ್ತಿರುತ್ತಿದ್ದರು, ಇಲ್ಲಾ ಸೆರಗು ಮುಂದೆ ಎಳೆದುಕೊಂಡಿರುತ್ತಿದ್ದರು. ಈ ಕಟ್ಟನ್ನು ಕಾಯುತ್ತಿದ್ದವಳು ಅಜ್ಜಿ. ಅಪ್ಪ ಒಂದು ಮುಖ ಸ್ವಲ್ಪ ಈ ಕಡೆ ತಿರುಗಿಸಿದರೂ ಹೊಸ್ತಿಲಲ್ಲಿ ಕೂತಲ್ಲಿಂದ ಕೆಮ್ಮುತ್ತಿದ್ದಳು. ಅವನು ತಿರುಗಿಸಿ ಸರಿ ಮಾಡುತ್ತಿದ್ದ. ಮೂವತ್ತು ದಾಟಿದ ಗಂಡಸು, ಅಜ್ಜಿಯ ಒಂದು ಕೆಮ್ಮಿಗೆ ಕುಂಚ ಎತ್ತಿಬಿಡುತ್ತಿದ್ದ. ಅಜ್ಜಿಯದು ಇನ್ನೊಂದು ಚಾಳಿ ಇತ್ತು. ಅಡುಗೆಮನೆ ಬಾಗಿಲ ಪಕ್ಕದಲ್ಲಿ ಪಡಸಾಲೆ ಗೋಡೆಯ ಒಂದು ಕಡೆ, ನನ್ನ ಎತ್ತರಕ್ಕೆ, ಸುಣ್ಣ ದಪ್ಪಗೆ ಉಬ್ಬಿತ್ತು. ದೀಪಾವಳಿಗೆ ಇಡೀ ಮನೆಗೆ ನಾನೂ ಅವ್ವನೂ ಸುಣ್ಣ ಬಳಿದರೆ ಆ ಜಾಗ ಮಾತ್ರ ಅಜ್ಜಿಯೇ ಬಳಿಯಬೇಕು. ಯಾಕೆ ಅಂತ ಕೇಳಿದ್ದಕ್ಕೆ ನನಗೆ ಒಂದು ಸಲ ಕಸಬರಿಗೆಯ ಹಿಡಿಯಿಂದ ಬಿದ್ದಿತ್ತು. ಮತ್ತೆ ಕೇಳಲಿಲ್ಲ.

ನಾಲ್ಕನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಅಜ್ಜಿ ನನ್ನ ಶಾಲೆ ಬಿಡಿಸಿದಳು. ಊಟದ ಹೊತ್ತು. ಪುಂಡಿಪಲ್ಯ, ರೊಟ್ಟಿ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ಅಪ್ಪ ತಲೆ ಬಗ್ಗಿಸಿ ಉಣ್ಣುತ್ತಿದ್ದ.

"ನಾಕು ಸಾಕು ಇಕಿಗೆ. ಕಾಗದ ಓದಾಕ ಬರತೈತಿ, ಸಹಿ ಮಾಡಾಕ ಬರತೈತಿ. ಅಂಟು ಕುದಿಸಾಕ ಯಾರ್ ಬರ್ತಾರ, ಇಕಿ ಮೇಷ್ಟ್ರು ಬರ್ತಾನೇನು?"

"ಇರಾಕಿ ಒಬ್ಬಾಕಿ ಹುಡುಗಿ ಅತ್ತೀ. ಓದ್ಲಿ ಬಿಡ್ರಿ" ಅಂದಳು ಅವ್ವ. ಅವಳು ಅತ್ತೆಗೆ ಎದುರು ಮಾತಾಡಿದ್ದು ನಾನು ಅದೇ ಮೊದಲು ಕೇಳಿದ್ದು.

"ಓದಿ ಏನ್ ಮಾಡ್ತಾಳ? ನೀ ಓದೀಯೇನು? ರೊಟ್ಟಿ ಬಡಿಯಾಕ ಬರಂಗಿಲ್ಲೇನು ನಿನಗ?"

"ಬರತೈತ್ರಿ. ಅದೊಂದ ಬರತೈತಿ. ಅದಕ್ಕ ಹೇಳಾಕತ್ತೀನಿ."

ಅಜ್ಜಿ ತಟ್ಟೆ ಸರಿಸಿ ಎದ್ದಳು. ಅಪ್ಪ ಏನಾದರೂ ಅಂತಾನೆ ಅಂತ ನಾನು ಅವನ ಬಾಯಿ ನೋಡುತ್ತಾ ಕೂತೆ. ಅವನು ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದ. ಅಷ್ಟೇ. ಮಾರನೇ ದಿನದಿಂದ ನನ್ನ ಸ್ಲೇಟು ಬಿಳಿ ಬಣ್ಣ ಅರೆಯುವ ಕಲ್ಲಾಯಿತು.

ಅದೇ ಬೇಸಿಗೆಯಲ್ಲಿ ಕಂಪ್ಲಿಯ ಅಕ್ಕಿ ಗಿರಣಿ ಸಾಹುಕಾರರು ನಮ್ಮ ಮನೆಗೆ ಬಂದರು. ಅವರಿಗೆ ನಾಟಕದ ಹುಚ್ಚು. ಗಿರಣಿಯ ಅಂಗಳದಲ್ಲೇ ಊರವರನ್ನು ಕಟ್ಟಿಕೊಂಡು ನಾಟಕ ಆಡಿಸುತ್ತಿದ್ದರು. ಕೆಮ್ಮಣ್ಣು ಸಾರಿಸಿದ ಕಟ್ಟೆ ಮೇಲೆ ಬಿಳಿ ಧೋತರ ಉಟ್ಟುಕೊಂಡು ಕೂತರು, ಎದ್ದಾಗ ಹಿಂದೆ ಕೆಂಪಾಗಿತ್ತು.

"ಚಿತ್ರಗಾರ್ರ, ಯಾವ ಪರದೆ ನೋಡಿದ್ರೂ ಅದ ಬಂಗಲಿ, ಅದ ಹೂಕುಂಡ, ಅದ ನವಿಲು. ಅದು ಯಾವ ಊರ್ರಿ? ನಮ್ಮ ನಾಟಕದಾಗ ಹುಡುಗ ಹೊಸಪೇಟಿಗೆ ಬರ್ತಾನ. ಮಂದಿ ಪರದೆ ನೋಡಿದ ಕೂಡ್ಲೆ 'ಇದು ಹೊಸಪೇಟಿ' ಅನ್ನಬೇಕು. ಬಜಾರ ಬರೀರಿ. ಇದ್ದದ್ದು ಇದ್ದಂಗ."

"ಬರೀತೀನ್ರಿ. ಮಂದಿ ಮುಖ ಮಾತ್ರ ಬರಿಯಂಗಿಲ್ಲ."

"ಯಾಕ್ರಿ? ನಿಮ್ಮೂರ ಮಂದಿ ನಮ್ಮ ಮ್ಯಾಲೆ ಸಿಟ್ಟಾಗ್ಯಾರೇನು?"

"ವೇಷ ಹಾಕಿದೋರ ಮುಖ ನೋಡ್ರಿ ಸಾಹುಕಾರ್ರ. ಪರದೆ ಮಂದಿದು ಯಾಕ ಬೇಕು" ಅಂದ ಅಪ್ಪ. ಸಾಹುಕಾರರು ನಕ್ಕರು. ಅಪ್ಪ ನಗಲಿಲ್ಲ.

ಅಪ್ಪ ಒಂದು ವಾರ ಬಜಾರಿನಲ್ಲಿ ಸುಮ್ಮನೆ ತಿರುಗಿ ಬಂದ. ಆಮೇಲೆ ಮಾದರಪಾಟು ಬಟ್ಟೆ ಹೊಲಿಸಿ, ಅಂಟು ಬಳಿದು, ಒಣಗಿಸಿ, ಶುರು ಮಾಡಿದ. ಪರದೆ ನಮ್ಮ ಪಡಸಾಲೆಗಿಂತ ದೊಡ್ಡದು. ಅದಕ್ಕೆ ಎರಡು ಬಿದಿರಿನ ನಡುವೆ ಎರಡು ಮೊಳದಷ್ಟು ಮಾತ್ರ ಬಿಡಿಸಿ ಬರೆಯುವುದು, ಒಣಗಿದ ಮೇಲೆ ಆ ಕಡೆ ಸುತ್ತುವುದು, ಈ ಕಡೆ ಮತ್ತೆರಡು ಮೊಳ ಬಿಡಿಸುವುದು. ಇಡೀ ಊರು ಒಟ್ಟಿಗೆ ಯಾರಿಗೂ ಕಾಣುತ್ತಿರಲಿಲ್ಲ, ಅಪ್ಪನಿಗೂ. ಟಾಂಗಾ ಸ್ಟ್ಯಾಂಡು ಬಂತು, ಹೋಯಿತು. ಅದಿರಿನ ಲಾರಿ ಬಂತು, ಅದರ ಮೇಲೆ ತಲೆಗೆ ಟವೆಲ್ ಸುತ್ತಿ ಕೂತ ಕೂಲಿಯವರ ಬೆನ್ನು ಬಂತು. ಮಿರ್ಚಿ ಕರಿಯುವವನು ಬಾಣಲೆಗೆ ಬಗ್ಗಿದ್ದ. ಕಂಪ್ಲಿ ಅಕ್ಕಿಯ ಚೀಲ ಹೊತ್ತವರ ಮುಖ ಚೀಲದ ಕೆಳಗೆ. ದೂರದಲ್ಲಿ ಡ್ಯಾಮಿನ ಗೋಡೆ, ಗುಡ್ಡ. ನನಗೆ ಆ ಊರಿನಲ್ಲಿ ಎಲ್ಲರೂ ಗುರುತು ಸಿಗುತ್ತಿದ್ದರು. ಬೆನ್ನಿನಲ್ಲೇ ಗುರುತು ಸಿಗುವಂಗೆ ಬರೆಯುತ್ತಿದ್ದ. ಆದರೆ ಸಂಜೆ ಪಡಸಾಲೆಯಲ್ಲಿ ಒಬ್ಬಳೇ ಕಸ ಹೊಡೆಯುವಾಗ, ಇವರೆಲ್ಲ ಈಗ ಒಮ್ಮೆಗೇ ತಿರುಗಿದರೆ ಅಂತ ಅನಿಸಿ ಕಸಬರಿಗೆ ಅಲ್ಲೇ ಬಿಟ್ಟು ಓಡುತ್ತಿದ್ದೆ.

ಕಡೆಯ ಎರಡು ಮೊಳದಲ್ಲಿ, ಕೆಳಗಿನ ಮೂಲೆಗೆ, ಅಪ್ಪ ಒಂದು ಹೊಸ್ತಿಲು ಬರೆದ. ಹೊಸ್ತಿಲ ಮೇಲೆ ಅಜ್ಜಿ, ಮೊರದಲ್ಲಿ ಜೋಳ ಹಸನು ಮಾಡುತ್ತಾ. ತಲೆ ಬಗ್ಗಿತ್ತು, ಆದರೂ ಮುಖ ಒಂದಿಷ್ಟು ಕಾಣುತ್ತಿತ್ತು, ಬರೀ ಗೋಧಿ ಬಣ್ಣ, ಖಾಲಿ. ಅವತ್ತು ಅಪ್ಪ ಸ್ನಾನಕ್ಕೆ ಹೋದ. ಬಣ್ಣ ಒಣಗಿತ್ತು, ಬಂದ ಮೇಲೆ ಸುತ್ತುವುದಷ್ಟೇ ಬಾಕಿ. ಓಣಿಯಲ್ಲಿ ನನ್ನ ಜೊತೆಯ ಹುಡುಗಿಯರು ಐದನೇ ಕ್ಲಾಸಿನ ಹೊಸ ಪುಸ್ತಕ ಎದೆಗೆ ಹಿಡಿದುಕೊಂಡು ಹೋದರು. ಅದೇ ಹೊತ್ತಿಗೆ ಹಿತ್ತಲಿಂದ ಅಜ್ಜಿ ಕೂಗಿದಳು:

"ಹುಲಿಗೀ, ಅಂಟಿನ ಗಡಿಗಿ ತಿಕ್ಕೀಯೋ ಇಲ್ಲೋ? ಸತ್ತೀಯೇನು ಅಲ್ಲೇ?"

ನಾನು ಅಳಿಲ ಬಾಲದ ಕುಂಚ ತೆಗೆದುಕೊಂಡೆ, ಮಸಿಗೆ ಅದ್ದಿದೆ, ಅಜ್ಜಿಯ ಮುಖಕ್ಕೆ ಎರಡು ಕಣ್ಣು ಬರೆದೆ. ಸುತ್ತಿ ಬಳಸಿ ಹೇಳುವುದಿಲ್ಲ. ಸಾಯಲಿ ಅಂತಲೇ ಬರೆದೆ. ಮಸಿ ಆರಲಿ ಅಂತ ಊದಿದೆ. ಕುಂಚ ತೊಳೆದು ಜಾಗದಲ್ಲಿಟ್ಟು ಗಡಿಗೆ ತಿಕ್ಕಲು ಹೋದೆ. ಅಪ್ಪ ಬಂದು ತಲೆ ಒರೆಸಿಕೊಳ್ಳುತ್ತಾ, ನೋಡದೇ, ಪರದೆ ಸುತ್ತಿ ಮೂಲೆಗೆ ನಿಲ್ಲಿಸಿದ.

ಮೂರನೇ ದಿನಕ್ಕೆ ಅಜ್ಜಿಗೆ ಚಳಿಜ್ವರ ಬಂತು. ಓಣಿಯಲ್ಲಿ ಆಗಲೇ ಆರೇಳು ಜನರಿಗೆ ಬಂದಿತ್ತು, ಕಾಲುವೆ ನೀರು ನಿಂತು ಸೊಳ್ಳೆ ಹೆಚ್ಚಾಗಿದ್ದವು. ಇದು ಈಗ ಹೇಳುವ ಮಾತು. ಆಗ ನನಗೆ ಓಣಿಯ ಆರೇಳು ಜನ ಕಾಣಲಿಲ್ಲ. ಕೌದಿ ಮೇಲೆ ಕೌದಿ ಹೊದಿಸಿದರೂ ಅಜ್ಜಿಯ ಹಲ್ಲು ಕಟಕಟ ಅನ್ನುವುದು ಅಡುಗೆಮನೆಗೆ ಕೇಳುತ್ತಿತ್ತು. ಕಂಪೌಂಡರು ಬಂದು ಮಾತ್ರೆ ಕೊಟ್ಟು ಹೋದ. ಅಜ್ಜಿ ಅದನ್ನು ಉಗುಳಿದಳು, ಅವ್ವ ಬೆಲ್ಲದಲ್ಲಿ ಸುತ್ತಿ ಮತ್ತೆ ಹಾಕಿದಳು. ಮೂಲೆಯಲ್ಲಿ ನಿಂತ ಆ ಸುರುಳಿ ಕಡೆ ಬೆನ್ನು ಹಾಕಿ ಕೂತರೆ ಬೆನ್ನಿಗೆ ಯಾರೋ ನೋಡಿದಂಗೆ ಆಗುತ್ತಿತ್ತು, ಮುಖ ಮಾಡಿ ಕೂತರೆ ಸುತ್ತಿದ ಬಟ್ಟೆಯ ಒಳಗಿಂದ ಆ ಎರಡು ಕಣ್ಣು ಕಂಡಂಗೆ ಆಗುತ್ತಿತ್ತು. ಅಜ್ಜಿ ಹತ್ತಿರ ಕರೆದರೆ ಹೋಗುತ್ತಿರಲಿಲ್ಲ. "ಮಮ್ಮಗಳಿಗೆ ನನ್ನ ಕಂಡ್ರ ಆಗಂಗಿಲ್ಲ" ಅಂತ ಅಜ್ಜಿ ಗೊಣಗಿದರೆ, ಅವ್ವ, "ಹೆದರ್ಯಾಳ್ರಿ ಅತ್ತೀ, ಸಣ್ಣಾಕಿ" ಅನ್ನುತ್ತಿದ್ದಳು. ಅವ್ವನಿಗೆ ಹೇಳಬೇಕು ಅಂತ ಎರಡು ಸಲ ಒಲೆ ಮುಂದೆ ಹೋಗಿ ಕೂತೆ. ಎರಡು ಸಲವೂ ಅವಳು ನನ್ನ ಹಣೆ ಮುಟ್ಟಿ ನೋಡಿ ಜ್ವರ ಇಲ್ಲ ಅಂತ ಎದ್ದು ಹೋದಳು. ಆರು ದಿನ ಹೀಗೇ ಹೋಯಿತು. ಮನಸ್ಸಿನಲ್ಲಿ ಒಂದೇ ದಾರಿ ಉಳಿದಿತ್ತು. ಆ ಕಣ್ಣು ಅಳಿಸಬೇಕು.

ಅಂಟಿನ ಬಣ್ಣ ನೀರು ಸೋಕಿದರೆ ಬಿಡುತ್ತದೆ, ಅದು ನನಗೆ ಗೊತ್ತಿತ್ತು. ಪರದೆ ಕಟ್ಟಲು ಅಪ್ಪ ಕಂಪ್ಲಿಗೆ ಹೊರಟಾಗ ನಾನೂ ಬರುತ್ತೇನೆ ಅಂದೆ. ಚಿಪ್ಪು ಹಿಡಿಯಲು ನನ್ನನ್ನು ಕರೆದುಕೊಂಡು ಹೋಗುವ ರೂಢಿ ಇತ್ತು, ಬೇಡ ಅನ್ನಲಿಲ್ಲ. ಸುರುಳಿ ಬಸ್ಸಿನ ಮೇಲೆ ಹೋಯಿತು. ಗಿರಣಿಯ ಅಂಗಳದಲ್ಲಿ ತಗಡಿನ ಚಪ್ಪರ ಹಾಕಿದ್ದರು. ನಾಟಕ ಮಾರನೇ ದಿನ. ಭತ್ತದ ಹೊಟ್ಟಿನ ಧೂಳು ಬಿಸಿಲಲ್ಲಿ ಹಾರುತ್ತಿತ್ತು. ಹಗ್ಗ ಎಳೆದು ಪರದೆ ಬಿಟ್ಟಾಗ ಹೊಸಪೇಟೆ ಮೇಲಿಂದ ಕೆಳಗೆ ಬಿಚ್ಚುತ್ತಾ ಬಂತು. ಮೊದಲು ಗುಡ್ಡ, ಆಮೇಲೆ ಡ್ಯಾಮು, ಲಾರಿ, ಬೆನ್ನುಗಳು. ಇಡೀ ಊರನ್ನು ಅಪ್ಪನೂ ಮೊದಲ ಸಲ ನೋಡುತ್ತಿದ್ದ, ಕತ್ತು ಮೇಲೆತ್ತಿ. ಅದಕ್ಕೇ ಕೆಳಗಿನ ಮೂಲೆ ಅವನ ಕಣ್ಣಿಗೆ ಬೀಳಲಿಲ್ಲ. ಮೂಟೆ ಹೊರುವವರೆಲ್ಲ ಕೆಲಸ ಬಿಟ್ಟು ಬಂದು ನಿಂತರು.

"ಏ ಇದು ಹೊಸಪೇಟಿ ಬಿಡಲೇ. ಮಿರ್ಚಿ ಅಂಗಡಿ ನೋಡ, ನಾ ಅಲ್ಲೇ ತಿಂದೀನಿ."

"ನೀ ತಿಂದು ರೊಕ್ಕ ಕೊಡದ ಬಂದೀದಿ. ಅದಕ್ಕ ಅವ ಮುಖ ತಿರುವ್ಯಾನ."

ಎಲ್ಲರೂ ನಕ್ಕರು. ಸಾಹುಕಾರರು ಅಪ್ಪನ ಹೆಗಲ ಮೇಲೆ ಕೈ ಹಾಕಿ ಊಟಕ್ಕೆ ಕರೆದುಕೊಂಡು ಹೋದರು. ನಾನು ಹೊಟ್ಟೆನೋವು ಅಂತ ಹೇಳಿ ಉಳಿದೆ. ಎಲ್ಲರೂ ಹೋದ ಮೇಲೆ ಲಂಗದ ತುದಿ ಕೊಡದ ನೀರಿಗೆ ಅದ್ದಿ ಮೂಲೆಗೆ ಹೋದೆ. ಅಜ್ಜಿ ನನ್ನ ಎತ್ತರಕ್ಕೇ ಇದ್ದಳು, ನನ್ನನ್ನೇ ನೋಡುತ್ತಿದ್ದಳು. ನಾನು ಕಣ್ಣು ಮುಚ್ಚಿಕೊಂಡು ಒರೆಸಿದೆ. ತೆಗೆದು ನೋಡಿದರೆ ಕಣ್ಣು ಹೋಗಿದ್ದವು, ಆದರೆ ಮಸಿ ಕರಗಿ ಕೆನ್ನೆಗುಂಟ ಮೊರದವರೆಗೆ ಇಳಿದಿತ್ತು. ಇನ್ನಷ್ಟು ಒರೆಸಿದೆ. ಗೋಧಿ ಬಣ್ಣವೂ ಎದ್ದು ಬಂತು. ಮುಖ ಇದ್ದ ಕಡೆ ಒಂದು ಕರಿ ಕುಳಿ ಆಯಿತು. ಹಿಂದೆ ಯಾರೋ ನಿಂತಂಗೆ ಅನಿಸಿ ತಿರುಗಿದೆ. ಅಪ್ಪ ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡು ನಿಂತಿದ್ದ.

"ಏನ್ ಮಾಡ್ದಿ?"

"ಕಣ್ಣು ಬರದಿದ್ದೆ. ಅಳಿಸಿದೆ."

ಹೊಡೆಯುತ್ತಾನೆ ಅಂತ ಕಾದೆ. ಅವನು ಅಲ್ಲೇ ಹೊಟ್ಟಿನ ಚೀಲದ ಮೇಲೆ ಕುಸಿದು ಕೂತ. ಬಾಯಲ್ಲಿದ್ದದ್ದು ಉಗುಳಿದ. ಅವನ ಮುಖ ಬಣ್ಣ ಹಚ್ಚದ ಪರದೆಯಂಗೆ ಬಿಳಿಚಿತ್ತು.

"ಬರದದ್ದು ತಪ್ಪಾತು. ಆದ್ರ ಅಳಿಸ್ತಾರೇನು? ತೆರದ ಕಣ್ಣು ಮುಚ್ಚಂಗಿಲ್ಲಲೇ ಹುಲಿಗಿ. ದೇವ್ರ ಮೈ ಬಣ್ಣ ಹೋದ್ರೂ ಕಣ್ಣು ಮುಟ್ಟಂಗಿಲ್ಲ, ಸುತ್ತಲೂ ಬರೀತೀವಿ. ಬರದು ಬಿಟ್ಟಿದ್ರ ನಿಮ್ಮಜ್ಜಿ ಇನ್ನೂ ನಾಕು ದಿನ ಇರ್ತಿದ್ಲೋ ಏನೋ. ಮುಚ್ಚಿಬಿಟ್ಟೀದಿ ನೀನು."

ಇಂಥ ಕಟ್ಟು ಇನ್ನೊಂದಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ತೆರೆದವರೇ ಇರಲಿಲ್ಲ, ಮುಚ್ಚುವ ಮಾತು ಯಾಕೆ ಬರುತ್ತದೆ. ಅಪ್ಪ ಪರದೆ ಮೇಲಕ್ಕೆ ಎಳೆಸಿ ಕಟ್ಟಿಸಿದ, ಮೂಲೆಯಲ್ಲಿ ನೀರು ಬಿದ್ದಿದೆ, ನಾಳೆ ಬೆಳಿಗ್ಗೆ ಬಂದು ಸರಿ ಮಾಡುತ್ತೇನೆ ಅಂತ ಸಾಹುಕಾರರಿಗೆ ಹೇಳಿದ. ಮೂರು ಗಂಟೆಯ ಬಸ್ಸಿಗೆ ಹತ್ತಿದೆವು. ಅವನು ಕಿಟಕಿ ಕಡೆ, ನಾನು ಈ ಕಡೆ. ಕಮಲಾಪುರ ಹತ್ತಿರ ಬಂತು. ಹಂಪಿ ಕಡೆಯ ಗುಂಡುಗಲ್ಲುಗಳು ಶುರುವಾದವು. ಒಂದು ತಿರುವಿನಲ್ಲಿ ಮುಖ ಒಡೆದ ವಿಗ್ರಹವೊಂದು ಹುಲ್ಲಿನಲ್ಲಿ ಕೂತಿತ್ತು. ಎಷ್ಟೋ ಸಲ ನೋಡಿದ್ದೇ. ಅವತ್ತು ನೋಡಿ ಉಚ್ಚೆ ಬಂದಂಗಾಯಿತು. ಅಪ್ಪ ಅದನ್ನು ನೋಡಿದವನೇ ಕಿಟಕಿಯಿಂದ ಮುಖ ತಿರುಗಿಸಿ ಟವೆಲ್ಲಿನಲ್ಲಿ ಮುಚ್ಚಿಕೊಂಡ. ನನಗಿಂತ ಅವನೇ ಹೆಚ್ಚು ಹೆದರಿದ್ದಾನೆ ಅಂತ ಗೊತ್ತಾಗಿ, ನನಗೆ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ.

ಓಣಿ ತಿರುವಿನಲ್ಲೇ ಕಂಡಿತು. ನಮ್ಮ ಬಾಗಿಲ ಮುಂದೆ ಹೆಂಗಸರು. ಅಪ್ಪ ಹೆಜ್ಜೆ ನಿಲ್ಲಿಸಿದ. ಅವನು ಮುಂದೆ ಬರಲಿಲ್ಲ, ನಾನೇ ಹೋದೆ. ಕಾಲುಗಳ ನಡುವೆ ನುಗ್ಗಿ ನೋಡಿದರೆ ಅಜ್ಜಿಯನ್ನು ಹೊರಸಿನ ಮೇಲಿಂದ ಇಳಿಸಿ ನೆಲದ ಮೇಲೆ ಮಲಗಿಸಿದ್ದರು. ಹೋಗುವವರನ್ನು ನೆಲಕ್ಕೆ ಹಾಕುತ್ತಾರೆ, ಅದು ನನಗೂ ಗೊತ್ತಿತ್ತು. ಅವ್ವ ಚಮಚದಲ್ಲಿ ನೀರು ಹಿಡಿದಿದ್ದಳು. ಅಜ್ಜಿಯ ಕಣ್ಣು ಮುಚ್ಚಿದ್ದವು. ನಾನು ಒರೆಸಿದಂಗೇ.

ನಾನು ಗೋಡೆಗೆ ಅಂಟಿಕೊಂಡು ನಿಂತೆ. ಅಜ್ಜಿ ಕೆಮ್ಮಿದಳು. ಅಪ್ಪನ ಕುಂಚ ನಿಲ್ಲಿಸುತ್ತಿದ್ದ ಅದೇ ಕೆಮ್ಮು. ಕಣ್ಣು ತೆಗೆದಳು.

"ನೆಲಕ್ಕ ಹಾಕಿಬಿಟ್ರೇನು? ಭಾಳ ಜಲ್ದಿ ನೋಡ ನಿಮಗ" ಅಂದಳು ಹೆಂಗಸರಿಗೆ. "ಮ್ಯಾಲೆ ಎತ್ತರಿ. ಚಳಿ ಹತ್ತಾಕತ್ತೈತಿ."

ದೀಪ ಹಚ್ಚುವ ಹೊತ್ತಿಗೆ ಹೆಂಗಸರು ಹೋದರು. ಅವ್ವ ಒಳಗೆ ಗಂಜಿ ಮಾಡುತ್ತಿದ್ದಳು. ಅಪ್ಪ ಹೊರಗೆ ಕಟ್ಟೆ ಮೇಲೆ ಕೂತವನು ಒಳಗೆ ಬರಲೇ ಇಲ್ಲ. ಅಜ್ಜಿಯ ಮೈ ಮತ್ತೆ ಕಾಯುತ್ತಿತ್ತು. ನಾನು ಹೊರಸಿನ ಕಾಲ ಹತ್ತಿರ ಕೂತು, ಅವಳ ಮುಖ ನೋಡದೇ, ಎಲ್ಲಾ ಹೇಳಿದೆ. ಬರೆದದ್ದು, ಅಳಿಸಿದ್ದು. ಸಾಯಲಿ ಅಂತ ಬರೆದದ್ದನ್ನು ಮಾತ್ರ ಹೇಳಲಿಲ್ಲ. ಅಜ್ಜಿ ಆ ಉಬ್ಬಿದ ಗೋಡೆ ಕಡೆ ಕೈ ಮಾಡಿದಳು.

"ಅಲ್ಲಿ ಒಬ್ಬಾಕಿ ಅದಾಳ. ನಿಮ್ಮಪ್ಪನ ಅಕ್ಕ, ಸಾವಂತ್ರಿ. ನಿಮ್ಮಜ್ಜ ಬರದಿದ್ದ. ಕಣ್ಣು ಬರದಿದ್ದ, ಎಷ್ಟ್ ಛಂದ ಬರದಿದ್ದ. ಅದ ತಿಂಗಳು ಪಿಲೇಗು ಬಂತು. ಮಂದಿ ಮನಿ ಬಿಟ್ಟು ಹೊಲದಾಗ ಗುಡಿಸಲ ಹಾಕ್ಕೊಂಡ್ರು. ಹೋದ್ಲು ಹುಡುಗಿ."

"ಕಣ್ಣು ಬರದಿದ್ದಕ್ಕೇನು?"

"ಓಣ್ಯಾಗ ಮನಿಗೊಂದು ಹೆಣ ಬಿತ್ತು. ಅವರನ್ನೆಲ್ಲಾ ಯಾರ್ ಬರದಿದ್ರು?"

"ಮತ್ಯಾಕ ಹಂಗ ಹೇಳ್ತಿದ್ದಿ?"

"ಪಿಲೇಗಿಗೆ ಬೈದ್ರ ಅದು ಕೇಳ್ತೈತೇನು? ನಿಮ್ಮಜ್ಜ ಕೇಳ್ತಿದ್ದ. ನೀನ ಕೊಂದಿ, ಕಣ್ಣು ಬರದು ಕೊಂದಿ ಅಂತ ಬೈದೆ. ದಿನಾ ಬೈದೆ. ಅವ ಒಂದು ಮಾತು ತಿರುಗಿ ಅನ್ನಲಿಲ್ಲ. ಸುಣ್ಣ ಕಲಿಸಿ ಕೊಟ್ಟ, ನಾನ ಬಳದೆ. ನಿಮ್ಮಪ್ಪ ಆವಾಗ ಐದಾರು ವರ್ಷದಾಂವ. ಆ ಮೂಲ್ಯಾಗ ನಿಂತು ಕೇಳಿಸ್ಕೊಂಡ. ಅವಗೆ ಅದು ಹತ್ತಿಬಿಡ್ತು. ಸುಳ್ಳು ಅಂತ ಹೇಳಬೇಕಂದ್ರ, ಸಾವಂತ್ರಿ ಹಂಗ ಸುಮ್ನ ಹೋದ್ಲು ಅಂತ ಹೇಳಬೇಕಾಗ್ತಿತ್ತು. ನನ್ನ ಕೈಲಿ ಆಗಲಿಲ್ಲ."

ಉಸಿರು ತಗೊಂಡಳು. ನೀರು ಕೊಟ್ಟೆ.

"ಅವಗೆ ಹೇಳಬ್ಯಾಡ. ಆ ಹೆದರಿಕಿ ಮ್ಯಾಲೆ ನಿಂತು ಇಷ್ಟ್ ವರ್ಷ ಬರದಾನ, ತಗದ್ರ ಬೀಳ್ತಾನ. ನೀ ಹೋಗು. ಅಳಿಸಿದ್ದು ತಿರುಗಿ ಬರಿ. ಕಂಪ್ಲಿ ಮಂದಿ ಮುಂದ ನನ್ನ ಕುಳಿ ಮುಖ ತೋರಿಸಬ್ಯಾಡ." ಕಣ್ಣು ಮುಚ್ಚಿಕೊಂಡು ಅಂದಳು, "ಮತ್ತ ಈ ಸಲ ಸಾಯ್ಲಿ ಅಂತ ಬರೀಬ್ಯಾಡ."

ಅಜ್ಜಿ ಆ ಜ್ವರಕ್ಕೆ ಸಾಯಲಿಲ್ಲ ಅಂತ ಈಗಲೇ ಹೇಳಿಬಿಡುತ್ತೇನೆ. ಎದ್ದಳು, ಇನ್ನೂ ಏಳೆಂಟು ವರ್ಷ ಎಲ್ಲರಿಗೂ ಬೈದಳು, ನನ್ನನ್ನು ಶಾಲೆಗೆ ಮಾತ್ರ ಕಳಿಸಲಿಲ್ಲ. ಅಪ್ಪ ಸಾಯುವವರೆಗೂ ಬೆನ್ನನ್ನೇ ಬರೆದ, ನಾನೂ ಅವನಿಗೆ ಹೇಳಲಿಲ್ಲ. ನಾನು ಮಾತು ಒರಟು ಅಂತ ಸೊಸೆಯಂದಿರು ಹೇಳುತ್ತಾರೆ. ಇರಬಹುದು. ಮಕ್ಕಳಿಗೂ ಮೊಮ್ಮಕ್ಕಳಿಗೂ ಬೈದಿದ್ದೇನೆ, ಹೊಡೆದೂ ಇದ್ದೇನೆ, ಹೆದರಿಕೆ ಮಾತ್ರ ಹಾಕಿಲ್ಲ. ಆದರೆ ಅವತ್ತು ಅಜ್ಜಿ ಏಳುತ್ತಾಳೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ ಹೇಳಿದ್ದು ನಿಜವೋ, ಜ್ವರದ ಬಾಯೋ ಅಂತ ನನಗೆ ಗೊತ್ತಿರಲಿಲ್ಲ. ಅಪ್ಪನಿಗಂತೂ ಅಜ್ಜಿ ಹಂಗೆ ಹೇಳಿದ್ದೇ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜಿಗೆ ಮತ್ತೆ ಚಳಿ ಬಂದಾಗ ನಾನು ಎದ್ದು ಮಸಿ ಅರೆದೆ. ಅಳಿಲ ಬಾಲದ ಕುಂಚವನ್ನು ಲಂಗದ ಮಡಿಕೆಯಲ್ಲಿ ಸುತ್ತಿಕೊಂಡು ಅಪ್ಪನ ಹಿಂದೆ ಮೊದಲ ಬಸ್ಸು ಹತ್ತಿದೆ. ಗಿರಣಿ ಇನ್ನೂ ಶುರುವಾಗಿರಲಿಲ್ಲ. ಅಪ್ಪ ಪರದೆ ಇಳಿಸಿದ, ಗೋಧಿ ಬಣ್ಣದಿಂದ ಆ ಕುಳಿ ಮುಚ್ಚಿದ, ಬಿಸಿಲಿಗೆ ಒಣಗಿಸಿದ. ಆಮೇಲೆ ಸೆರಗಿನ ಕೆಂಪು ಕಲಿಸಿಕೊಂಡು ಮುಖದ ಮೇಲೆ ಎಳೆಯಲು ಕೈ ಎತ್ತಿದ.

"ಬ್ಯಾಡಪ್ಪ. ಕಣ್ಣು ತಿರುಗಿ ತೆರೀಬೇಕಂತ. ಅಜ್ಜಿ ಹೇಳ್ಯಾಳ."

"ನನ್ನ ಕೈಲಿ ಆಗಂಗಿಲ್ಲ ಹುಲಿಗಿ."

"ನೀ ಚಿಪ್ಪು ಹಿಡಿ. ನಾ ಬರೀತೀನಿ."

ಅವನು ಮಸಿಯ ಚಿಪ್ಪು ತೆಗೆದುಕೊಂಡ. ಕೈ ನನ್ನ ಕಡೆ ಚಾಚಿ, ಪರದೆಗೂ ನನಗೂ ಬೆನ್ನು ತಿರುಗಿಸಿ ನಿಂತ. ಚಿಪ್ಪು ಓರೆಯಾಗಿ ಮಸಿ ಅವನ ಬೆರಳಿಗೆ ಚೆಲ್ಲಿತು. ನಾನು ಕುಂಚ ಅದ್ದಿ ಎಡಗಣ್ಣು ಬರೆದೆ. ಈ ಸಲ ನಾನು ಕಣ್ಣು ಮುಚ್ಚಲಿಲ್ಲ. ಬಲಗಣ್ಣು ಸ್ವಲ್ಪ ದೊಡ್ಡದಾಯಿತು. ಹಂಗೇ ಬಿಟ್ಟೆ.